ಮಾಜಿ ಸೈನಿಕನಿಗೆ ಇತಿಹಾಸ ಎಂ.ಎ.: ಇಗ್ನೋ, ಮೈಸೂರು ಮುಕ್ತ ವಿವಿ, ಕೊಣಾಜೆ

ಮಿಲಿಟರಿಯಿಂದ ನಿವೃತ್ತರಾಗಿ ಬಂದವರ ಮುಂದೆ ಊರಿನವರು ಇಡುವ ದಾರಿ ಎರಡೇ. ಬ್ಯಾಂಕಿನಲ್ಲಿ ಗಾರ್ಡ್ ಕೆಲಸ, ಇಲ್ಲವೇ ಅಡಿಕೆ ತೋಟ. ಎಂ.ಎ. ಮಾಡುತ್ತೇನೆ ಅಂದರೆ ನಗುತ್ತಾರೆ. ಇತಿಹಾಸದಲ್ಲಿ ಎಂ.ಎ. ಅಂದರೆ ನಗುವುದನ್ನೂ ನಿಲ್ಲಿಸಿ ಮುಖ ನೋಡುತ್ತಾರೆ. ಆದರೂ ಕಾಸರಗೋಡು, ಮಂಜೇಶ್ವರ ಕಡೆಯ ಕೆಲವು ಮಾಜಿ ಸೈನಿಕರು ಈಚೆಗೆ ನನ್ನನ್ನು ಕೇಳುತ್ತಿದ್ದಾರೆ. ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಒಳ್ಳೆಯದಾ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಾ, ಅಥವಾ ಮಂಗಳೂರು ವಿಶ್ವವಿದ್ಯಾಲಯ ಇರುವ ಕೊಣಾಜೆಗೇ ಹೋಗಿ ಬೆಂಚಿನಲ್ಲಿ ಕೂರಬೇಕಾ ಅಂತ. ಇಗ್ನೋದ ಮೊದಲ ವರ್ಷದ ಪೇಪರುಗಳನ್ನು ನಾನು ಸರ್ವೀಸಿನಲ್ಲಿದ್ದಾಗಲೇ ಬರೆದಿದ್ದೆ. ಮೈಸೂರಿನ ಪಾಠಪುಸ್ತಕಗಳನ್ನು ಉಪ್ಪಳದಲ್ಲಿರುವ ಗೆಳೆಯನ ಜೊತೆ ಕೂತು ಓದಿದ್ದೇನೆ. ಕಣ್ಣೂರು ಕಡೆ ವಿಚಾರಿಸಿ ಬಂದಿದ್ದೇನೆ. ಈಗ ಕೊಣಾಜೆಯಲ್ಲಿ ವಿದ್ಯಾರ್ಥಿ.

ನಾನು ಯಾವ ಅಳತೆ ಇಟ್ಟುಕೊಂಡು ನೋಡಿದೆ ಅನ್ನುವುದನ್ನು ಮೊದಲು ಹೇಳಬೇಕು. ಯೂನಿಟ್‌ನಲ್ಲಿ ನಾನು ಕ್ಲರ್ಕ್. ರಿಪೋರ್ಟು, ಡೈರಿ, ಪಾರ್ಟ್ ಟೂ ಆರ್ಡರು (ಸೈನಿಕರ ರಜೆ, ಬಡ್ತಿ, ವರ್ಗಾವಣೆ ದಾಖಲಿಸುವ ಕಾಗದ), ಇವುಗಳ ನಡುವೆಯೇ ಸರ್ವೀಸು ಕಳೆಯಿತು. ನಡೆದದ್ದಕ್ಕೂ ಸಹಿ ಬಿದ್ದ ಹಾಳೆಗೂ ನಡುವೆ ಏನೇನು ಬಿಟ್ಟುಹೋಗುತ್ತದೆ ಅಂತ ಟೈಪ್ ಮಾಡಿದವನಿಗೆ ಗೊತ್ತು. ರಾತ್ರಿಯಿಡೀ ಮಳೆಯಲ್ಲಿ ಸಿಕ್ಕಿಬಿದ್ದ ಗಾಡಿ, ಕಾಗದದಲ್ಲಿ 'ತಡವಾಗಿ ತಲುಪಿತು' ಆಗುತ್ತದೆ. ಯಾರು ಹೆಗಲು ಕೊಟ್ಟರು, ಯಾರು ಮಲಗಿದ್ದರು, ಯಾವುದೂ ಇರುವುದಿಲ್ಲ. ಐವತ್ತು ವರ್ಷದ ನಂತರ ಯಾರೋ ಆ ಹಾಳೆಯನ್ನೇ ಹಿಡಿದು ಇತಿಹಾಸ ಬರೆಯುತ್ತಾರೆ. ಹಾಗಾಗಿ ನನಗೆ ಬೇಕಿದ್ದದ್ದು ಒಂದೇ. ಈ ಕೋರ್ಸು ನನ್ನನ್ನು ಹಳೇ ಕಾಗದದ ಹತ್ತಿರ ಕರೆದುಕೊಂಡು ಹೋಗುತ್ತದಾ? ಅದನ್ನು ಓದುವುದು ಹೇಗೆ ಅಂತ ಹೇಳಿಕೊಡುತ್ತದಾ? ನಿಮಗೆ ಬೇಕಾಗಿರುವುದು ಹೆಸರಿನ ಮುಂದೆ ಎರಡಕ್ಷರ ಮಾತ್ರ ಆದರೆ ನನ್ನ ತೀರ್ಪು ನಿಮಗೆ ಹೊಂದುವುದಿಲ್ಲ.

ಇನ್ನೊಂದು ವಿಷಯ, ಇದರಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮಾಡಿದವರಿಗೆ ಬರುವಾಗ ಪದವಿಗೆ ಸಮಾನ ಅಂತ ಒಂದು ಸರ್ಟಿಫಿಕೇಟ್ ಕೊಡುತ್ತಾರಲ್ಲ, ಅದು ಕೆಲಸದ ಅರ್ಜಿಗೆ. ಪದವಿ ಕೇಳುವ ಗ್ರೂಪ್ ಸಿ ಹುದ್ದೆಗಳಿಗೆ ಮಾಜಿ ಸೈನಿಕರು ಅರ್ಜಿ ಹಾಕಲಿ ಅಂತ ಮಾಡಿದ ಏರ್ಪಾಡು ಅದು. ಅದನ್ನು ಹಿಡಿದುಕೊಂಡು ಎಂ.ಎ. ಸೇರಲು ಹೊರಟರೆ ಆಗುವುದಿಲ್ಲ. ನಿಜವಾದ ಬಿ.ಎ.ಯೋ ಬಿ.ಕಾಂ.ಓ ಕೈಯಲ್ಲಿರಬೇಕು. ನನ್ನದು ದೂರಶಿಕ್ಷಣದ ಬಿ.ಎ. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ಇಗ್ನೋದಿಂದ ಶುರು ಮಾಡೋಣ. ಇನ್ನೂ ಸರ್ವೀಸಿನಲ್ಲಿ ಇರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಯಾವ ವಿಷಯದಲ್ಲಿ ಪದವಿ ಆಗಿದ್ದರೂ ಇತಿಹಾಸ ಎಂ.ಎ.ಗೆ ಸೇರಬಹುದು. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದ ತನಕ ಎಳೆಯಬಹುದು. ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ಜೂನಿನಲ್ಲಿ ರಜೆ ಸಿಗದಿದ್ದರೆ ಡಿಸೆಂಬರ್ ಇದೆ. ಪೋಸ್ಟಿಂಗ್ ಬದಲಾದರೆ ಅಧ್ಯಯನ ಕೇಂದ್ರವನ್ನೂ ಬದಲಾಯಿಸಿಕೊಳ್ಳಬಹುದು. ಅಂಕದಲ್ಲಿ ಶೇ. 30 ಅಸೈನ್‌ಮೆಂಟಿಗೆ, ಶೇ. 70 ಪರೀಕ್ಷೆಗೆ.

ಓದುವ ಸಾಮಗ್ರಿ ಗಟ್ಟಿ. ಇತಿಹಾಸ ಬರೆಯುವುದರ ಇತಿಹಾಸ ಅಂತಲೇ ಒಂದು ಪೂರ್ತಿ ಪೇಪರು ಇದೆ. ರಾಷ್ಟ್ರೀಯ ಚಳವಳಿ, ಭಾರತದ ಅರ್ಥವ್ಯವಸ್ಥೆ, ಪರಿಸರ, ನಗರಗಳು, ಹೀಗೆ ವಿಷಯಗಳು ಹರಡಿಕೊಂಡಿವೆ. ಬರೆದವರು ವಿಷಯ ಬಲ್ಲವರು ಅಂತ ಓದುವಾಗಲೇ ತಿಳಿಯುತ್ತದೆ. ತೊಡಕು ಭಾಷೆಯದ್ದು. ಇಂಗ್ಲಿಷ್ ಅಥವಾ ಹಿಂದಿ, ಕನ್ನಡ ಇಲ್ಲ. ಇಷ್ಟು ವರ್ಷ ಹಿಂದಿಯಲ್ಲೇ ಬದುಕಿದೆವಲ್ಲ, ಹಿಂದಿ ತೆಗೆದುಕೊಳ್ಳೋಣ ಅಂತ ನಮ್ಮವರಿಗೆ ಅನ್ನಿಸುತ್ತದೆ. ಲಂಗರಿನಲ್ಲಿ, ಅಂದರೆ ಸೈನ್ಯದ ಊಟದ ಮನೆಯಲ್ಲಿ, ಮಾತಾಡುವ ಹಿಂದಿ ಬೇರೆ, ಆ ಪುಸ್ತಕದ ಹಿಂದಿ ಬೇರೆ. ನಾನು ಇಂಗ್ಲಿಷ್ ತೆಗೆದುಕೊಂಡೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು.

ಆದರೆ ನನ್ನ ಅಳತೆಯಲ್ಲಿ ಇಗ್ನೋ ಅರ್ಧಕ್ಕೇ ನಿಲ್ಲುತ್ತದೆ. ದಾಖಲೆಯನ್ನು ಅನುಮಾನದಿಂದ ಓದಬೇಕು ಅಂತ ಪುಸ್ತಕ ಹೇಳುತ್ತದೆ. ಹೇಗೆ ಅಂತ ಎದುರಿಗೆ ಕೂತು ತೋರಿಸುವವರು ಇಲ್ಲ. ಅದು ಇಡೀ ಭಾರತಕ್ಕೆ ಮಾಡಿದ ಪಠ್ಯ. ಬೇಕಲ ಕೋಟೆಯೂ ಕುಂಬಳೆ ಸೀಮೆಯೂ ಅದರಲ್ಲಿ ಎಲ್ಲಿ ಬರಬೇಕು? ಅದು ಇಗ್ನೋದ ತಪ್ಪಲ್ಲ. ಅಸೈನ್‌ಮೆಂಟಿಗೆ ನಾನು ಬರೆದ ಉತ್ತರದ ಜೊತೆ ಜಗಳ ಆಡಲು ಒಬ್ಬ ಮನುಷ್ಯ ಬೇಕಿತ್ತು, ಅಷ್ಟೇ.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಶುರುವಾದದ್ದು 1996ರಲ್ಲಿ. ಕಾಸರಗೋಡಿನಲ್ಲಿ ಕನ್ನಡ ಮೀಡಿಯಂ ಶಾಲೆಯಲ್ಲಿ ಕಲಿತವರಿಗೆ ಇದರ ದೊಡ್ಡ ಆಕರ್ಷಣೆ ಹೇಳಬೇಕಾಗಿಲ್ಲ. ಪುಸ್ತಕ ಕನ್ನಡದಲ್ಲಿದೆ, ಉತ್ತರವನ್ನೂ ಕನ್ನಡದಲ್ಲಿ ಬರೆಯಬಹುದು. ಉಪ್ಪಳದ ಗೆಳೆಯ ಬ್ಯಾಂಕಿನಲ್ಲಿ ಗಾರ್ಡ್. ನೈಟ್ ಡ್ಯೂಟಿ ಮುಗಿಸಿ ಬಂದು ಮಧ್ಯಾಹ್ನ ಓದುತ್ತಾನೆ. ಅವನ ಪುಸ್ತಕ ಓದುವಾಗ ನನಗೂ ಎಷ್ಟೋ ವರ್ಷದ ಮೇಲೆ ತಲೆ ಹಗುರವಾದ ಹಾಗೆ ಅನ್ನಿಸಿತು. ಕರ್ನಾಟಕದ ಇತಿಹಾಸ ಅದರಲ್ಲಿ ವಿವರವಾಗಿದೆ. ಕದಂಬರಿಂದ ಏಕೀಕರಣದ ತನಕ ಒಂದು ದಾರ ಸಿಗುತ್ತದೆ.

ಮಾನ್ಯತೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. 2013ರ ಹೊತ್ತಿಗೆ ಈ ವಿಶ್ವವಿದ್ಯಾಲಯಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಮಾನ್ಯತೆ ಹೋಗಿತ್ತು, 2018ರಲ್ಲಿ ಮತ್ತೆ ಸಿಕ್ಕಿತು. ಈಗ ಹೆದರಬೇಕಾಗಿಲ್ಲ. ಆದರೂ ಯಾವುದೇ ದೂರಶಿಕ್ಷಣಕ್ಕೆ ಹಣ ಕಟ್ಟುವ ಮುಂಚೆ ಆ ವರ್ಷದ, ಆ ಕೋರ್ಸಿನ ಹೆಸರು ಯುಜಿಸಿ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಳ್ಳಿ. ರಾಜ್ಯದ ಮುಕ್ತ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ಹೊರಗೆ ಕೇಂದ್ರ ನಡೆಸುವ ಹಾಗಿಲ್ಲ. ಹಾಗಾಗಿ ಗಡಿಯ ತಲಪಾಡಿ ದಾಟಿ ಮಂಗಳೂರಿಗೇ ಹೋಗಬೇಕು. ನಮಗೆ ಅದೇನು ದೂರವಲ್ಲ, ಆಸ್ಪತ್ರೆಗೂ ಬಟ್ಟೆಗೂ ಅಲ್ಲಿಗೇ ಹೋಗುವುದು ಅಲ್ವಾ.

ನನಗೆ ಇದು ಯಾಕೆ ಸಾಲಲಿಲ್ಲ ಅಂದರೆ, ಪುಸ್ತಕದ ದಾರಿ ನೇರ. ಕಾರಣಗಳು, ಘಟನೆಗಳು, ಪರಿಣಾಮಗಳು. ಬ್ರೀಫಿಂಗ್ ಕೇಳಿ ಬೆಳೆದ ನಮಗೆ ಅದು ಬಹಳ ಸಲೀಸು. ಸಲೀಸಾದದ್ದೇ ನನಗೆ ಬೇಡವಾಗಿತ್ತು. ಗೆಳೆಯನಿಗೆ ಅದೇ ಬೇಕಿತ್ತು, ಅವನು ಖುಷಿಯಾಗಿದ್ದಾನೆ.

ಕಣ್ಣೂರು ವಿಶ್ವವಿದ್ಯಾಲಯದ ಕಡೆಯ ಮಾತು ಬೇಗ ಮುಗಿಯುತ್ತದೆ. ಮಲಬಾರಿನ ಇತಿಹಾಸ ಬೇಕಾದವರಿಗೆ, ಅಂದರೆ 1941ರ ಕಯ್ಯೂರು ರೈತ ಹೋರಾಟ, ಜನ್ಮಿ (ಜಮೀನ್ದಾರಿ) ಪದ್ಧತಿ, ರೈತ ಸಂಘಗಳ ವಿಷಯ ಹಿಡಿಯುವವರಿಗೆ ಅದೇ ಸರಿ. ಕಯ್ಯೂರು ನಮ್ಮ ಜಿಲ್ಲೆಯದ್ದೇ. ಆದರೆ ಅಲ್ಲಿ ಓದಲು ಮಲಯಾಳ ನೀರು ಕುಡಿದ ಹಾಗೆ ಬರಬೇಕು. ನಾನು ಮಾತಾಡುತ್ತೇನೆ, ಓದುವುದು ಅಕ್ಷರ ಕೂಡಿಸಿ. ಕಾಞಂಗಾಡು, ನೀಲೇಶ್ವರ ಕಡೆಯವರಿಗೆ ಕೊಣಾಜೆ ದೂರ, ಅವರು ಇದನ್ನು ಖಂಡಿತ ಯೋಚಿಸಬೇಕು.

ಇನ್ನು ಕೊಣಾಜೆ. ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜಾಗ, 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆಯಿತು. ಕಾಸರಗೋಡಿನಿಂದ ಮಂಗಳೂರು ಬಸ್ಸು ಹತ್ತಿ ತೊಕ್ಕೊಟ್ಟಿನಲ್ಲಿ ಇಳಿದು, ದೇರಳಕಟ್ಟೆ ಮೇಲೆ ಹೋಗುವ ಬಸ್ಸು ಹಿಡಿಯಬೇಕು. ಎರಡು ವರ್ಷ, ನಾಲ್ಕು ಸೆಮಿಸ್ಟರ್, ಶೇ. 75 ಹಾಜರಿ. ಈ ಹಾಜರಿಯೇ ದೊಡ್ಡ ಬೇಲಿ. ಗಾರ್ಡ್ ಕೆಲಸ ಮಾಡುತ್ತಾ ಇದು ಸಾಧ್ಯವಿಲ್ಲ. ನಿಜವಾದ ಖರ್ಚು ಫೀಸಲ್ಲ, ಬಿಟ್ಟ ಸಂಬಳ. ಪಿಂಚಣಿಯಲ್ಲಿ ಮನೆ ನಡೆಯುತ್ತದೆ ಅಂತ ಮನೆಯವರು ಒಪ್ಪಿದರೆ ಮಾತ್ರ ಹೆಜ್ಜೆ ಇಡಿ.

ಕ್ಲಾಸಿನಲ್ಲಿ ಇಂಗ್ಲಿಷ್, ಕನ್ನಡ ಎರಡೂ ಓಡಾಡುತ್ತವೆ, ಹೊರಗೆ ತುಳು. ಜೊತೆಗೆ ಕೂರುವ ಮಕ್ಕಳಿಗೆ ನನ್ನ ಮಗಳ ವಯಸ್ಸು. ಮೊದಮೊದಲು 'ಸರ್' ಅನ್ನುತ್ತಿದ್ದರು, ಈಗ 'ಅಣ್ಣ' ಅನ್ನುತ್ತಾರೆ. ನನಗಿಂತ ಚಿಕ್ಕ ವಯಸ್ಸಿನ ಮೇಡಂ ಬಂದಾಗ ನಾನು ಎದ್ದು ನಿಲ್ಲುವುದು ಅವರಿಗೆ ಇವತ್ತಿಗೂ ಮುಜುಗರ. ಅಭ್ಯಾಸ, ಏನು ಮಾಡುವುದು.

ಇಲ್ಲಿ ಸಿಕ್ಕಿದ್ದು ಎಲ್ಲೂ ಸಿಗದದ್ದು. ಒಂದು ಉದಾಹರಣೆ ಕೊಡುತ್ತೇನೆ. 1837ರ ಅಮರ ಸುಳ್ಯದ ದಂಗೆ, ನಮ್ಮ ಹಿರಿಯರು ಕಲ್ಯಾಣಪ್ಪನ ಕಾಟಕಾಯಿ ಅನ್ನುವುದು. 1834ರಲ್ಲಿ ಕಂಪನಿ ಕೊಡಗನ್ನು ತೆಗೆದುಕೊಂಡಿತು. ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ಕೇಳಿತು. ಏಪ್ರಿಲ್‌ನಲ್ಲಿ ದಂಗೆಯವರು ಮಂಗಳೂರಿಗೇ ಬಂದು ಕೆಲವು ದಿನ ಊರನ್ನು ಹಿಡಿದಿಟ್ಟರು. ಇಷ್ಟು ಯಾವ ಪುಸ್ತಕದಲ್ಲಾದರೂ ಇರುತ್ತದೆ. ಕ್ಲಾಸಿನಲ್ಲಿ ಕೇಳಿದ ಪ್ರಶ್ನೆ ಬೇರೆ. ಈ ದಂಗೆಯ ವರದಿ ಬರೆದ ಕಂಪನಿ ಅಧಿಕಾರಿ ಯಾರಿಗೆ ಬರೆಯುತ್ತಿದ್ದಾನೆ? ಯಾವಾಗ ಬರೆಯುತ್ತಿದ್ದಾನೆ, ಓಡಿಹೋಗುವ ಮುಂಚೆಯಾ, ಪಲ್ಟನ್ ಬಂದು ಎಲ್ಲ ಸರಿಯಾದ ಮೇಲೆಯಾ?

ಅವತ್ತು ನನಗೆ ಬಾಯಿ ಬಂತು. ಮೇಲಿನವರಿಗೆ ಬರೆಯುವ ಕಾಗದದಲ್ಲಿ ದಂಗೆ ಯಾವತ್ತೂ ದಿಢೀರನೆ ಏಳುತ್ತದೆ. ಮೊದಲೇ ಸುಳಿವು ಸಿಕ್ಕಿತ್ತು ಅಂತ ಬರೆದರೆ, ಮತ್ತೆ ನೀನೇನು ಮಾಡಿದೆ ಅಂತ ಕೇಳುತ್ತಾರಲ್ಲ. ಎದುರಾಳಿಯ ಸಂಖ್ಯೆಯನ್ನು ಕಡಿಮೆ ಬರೆಯುವವರೂ ಕಡಿಮೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಕಲಿತದ್ದಲ್ಲ, ಆಫೀಸಿನಲ್ಲಿ ಕಲಿತದ್ದು. ಹಾಗಂತ ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಅನುಭವ ಸಾಕ್ಷಿಯಲ್ಲ, ಈ ಕಾಗದದಲ್ಲೇ ಅದನ್ನು ತೋರಿಸಿ ಅಂದರು. ತಾರೀಕು ತಾರೀಕಿಗೆ ಹೋಲಿಸಿ ತೋರಿಸಲು ಹೋದಾಗ ನನ್ನ ಮಾತಿನಲ್ಲಿ ಅರ್ಧ ಉಳಿಯಿತು, ಅರ್ಧ ಬಿತ್ತು. ಅಂಚೆಯಲ್ಲಿ ಬರುವ ಪುಸ್ತಕ ಹೀಗೆ ಎದುರು ಮಾತಾಡುವುದಿಲ್ಲ.

ಇನ್ನೊಂದು ಲಾಭ ಪತ್ರಾಗಾರದ ದಾರಿ. ಕಾಸರಗೋಡು 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡದ ತಾಲೂಕು, ಅದೂ ಮದ್ರಾಸಿನ ಕೆಳಗೆ. ಹಾಗಾಗಿ ಮದ್ರಾಸ್ ಸರ್ಕಾರದ ಕಾಲದ ನಮ್ಮ ಕಾಗದ ಹುಡುಕಲು ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ಕೋಯಿಕ್ಕೋಡಿನಲ್ಲಿ ಕೇರಳ ಪತ್ರಾಗಾರದ ಪ್ರಾದೇಶಿಕ ಕಚೇರಿಯೂ ಇದೆ. ಇಂಥ ಕಡೆ ಸುಮ್ನೆ ಹೋಗಿ ಬಾಗಿಲು ತಟ್ಟಿದರೆ ಆಗುವುದಿಲ್ಲ, ವಿಭಾಗದ ಪತ್ರ ಬೇಕು. ದೂರಶಿಕ್ಷಣದವರು ಅದನ್ನು ಪಡೆಯಬಾರದು ಅಂತಿಲ್ಲ, ಆದರೆ ದಿನಾ ಮುಖ ನೋಡುವ ಮೇಷ್ಟ್ರು ಬರೆದುಕೊಡುವ ಪತ್ರ ಬೇಗ ಸಿಗುತ್ತದೆ. ಮನೆ ಹತ್ತಿರವೇ ಇರುವ ಮಂಜೇಶ್ವರದ ಗಿಳಿವಿಂಡನ್ನೂ (ಕವಿ ಗೋವಿಂದ ಪೈಗಳ ಸ್ಮಾರಕ), ಪೈಗಳು ಕವಿಯಷ್ಟೇ ಅಲ್ಲ ತಾರೀಕು ಹಿಡಿದು ಜಗಳ ಮಾಡುವ ಸಂಶೋಧಕರೂ ಆಗಿದ್ದರು ಅನ್ನುವುದನ್ನೂ ನಾನು ಸರಿಯಾಗಿ ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ಯುದ್ಧದ ಇತಿಹಾಸವೇ ಬೇಕು ಅನ್ನುವವರಿಗೆ ಈ ಮೂರೂ ಅಷ್ಟಕ್ಕಷ್ಟೇ. ಮದ್ರಾಸ್ ವಿಶ್ವವಿದ್ಯಾಲಯದ ರಕ್ಷಣಾ ಅಧ್ಯಯನ ವಿಭಾಗ ನೋಡಿ. ದೆಹಲಿಯ ಯುನೈಟೆಡ್ ಸರ್ವೀಸ್ ಇನ್‌ಸ್ಟಿಟ್ಯೂಷನ್ 1870ರಿಂದ ಇದೆ, ಅಲ್ಲಿ ಸೇನಾ ಇತಿಹಾಸದ ಕೇಂದ್ರವೂ ಉಂಟು. ಹಳೇ ಯುದ್ಧಗಳ ದಾಖಲೆಯನ್ನು ಸಾಮಾನ್ಯವಾಗಿ 25 ವರ್ಷಕ್ಕೆ ತೆರೆಯಬೇಕು ಅಂತ ರಕ್ಷಣಾ ಸಚಿವಾಲಯ 2021ರಲ್ಲಿ ನೀತಿ ಮಾಡಿದೆ. ನಾವು ಟೈಪ್ ಮಾಡಿದ್ದನ್ನು ಯಾರಾದರೂ ಓದುವ ಕಾಲ ಬರಬಹುದು.

ಹಣ, ಕೆಲಸದ ಆಸೆ ಎರಡರ ಬಗ್ಗೆಯೂ ಒರಟಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1944ರಿಂದ ಸೈನಿಕರ ಓದಿಗೆ ಸರ್ಕಾರ ಹಣ ಕೊಡುವ ಕಾನೂನಿದೆ. ನಮ್ಮಲ್ಲಿ ಅಂಥ ದೊಡ್ಡ ಏರ್ಪಾಡಿಲ್ಲ. ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಮಾಜಿ ಸೈನಿಕರ ಮಕ್ಕಳಿಗೆ ಮತ್ತು ಮೃತರ ಪತ್ನಿಯರಿಗೆ, ಅದೂ ವೃತ್ತಿಪರ ಕೋರ್ಸಿಗೆ. ಕಾಲೇಜು ಉಪನ್ಯಾಸಕರ ಅರ್ಹತೆಯ ನೆಟ್ ಪರೀಕ್ಷೆ ಬರೆಯಲು ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇ. 55 ಬೇಕು, ಉಪನ್ಯಾಸಕರ ಅರ್ಹತೆಗೆ ವಯಸ್ಸಿನ ಮಿತಿ ಇಲ್ಲ. ಆದರೆ ಸಂಶೋಧನೆಗೆ ಹಣ ಕೊಡುವ ಫೆಲೋಶಿಪ್ಪಿಗೆ ಮಿತಿ ಇದೆ, ಸೈನಿಕರಿಗೆ ಸಿಗುವ ಸಡಿಲಿಕೆ ಐದು ವರ್ಷದ ತನಕ ಮಾತ್ರ. ನಮ್ಮ ವಯಸ್ಸಿಗೆ ಅದು ಮುಟ್ಟುವುದಿಲ್ಲ. ಕರ್ನಾಟಕದ ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾದರೂ ಗಡಿ ಈಚೆ, ಕೇರಳದಲ್ಲಿ, ನಡೆಯುವುದಿಲ್ಲ.

ಕಾಗದಪತ್ರದ ತಯಾರಿ ಬೇಗ ಶುರು ಮಾಡಿ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಶಿಯಲ್ಲು, ಡಿಸ್ಚಾರ್ಜ್ ಬುಕ್ಕಿನಲ್ಲಿ ಮನೆ ಹೆಸರು ಬಿಡಿಸಿ ಬರೆದದ್ದು, ಆಧಾರಿನಲ್ಲಿ ಮೂರನೇ ಹೆಸರು. ನಮ್ಮ ಕಡೆ ಇದು ಮನೆಮನೆ ಕತೆ. ಒಂದು ಕಚೇರಿಯಲ್ಲಿ ನನ್ನ ಕಡತ ಇದೊಂದಕ್ಕೇ ವಾರಗಟ್ಟಲೆ ಕೂತಿತು. ಬೇರೆ ವಿಶ್ವವಿದ್ಯಾಲಯದಿಂದ ಬರುವವರು ಮೈಗ್ರೇಶನ್ ಸರ್ಟಿಫಿಕೇಟನ್ನೂ ಮೊದಲೇ ತರಿಸಿಟ್ಟುಕೊಳ್ಳಬೇಕು.

ಸರ್ವೀಸಿನಲ್ಲಿ ಇದ್ದರೆ ಇಗ್ನೋ. ಕೆಲಸ ಬಿಡಲಾಗದಿದ್ದರೆ, ಕನ್ನಡದಲ್ಲೇ ಓದಬೇಕು ಅಂತಿದ್ದರೆ ಮೈಸೂರು. ಹಗಲು ನಿಮ್ಮದಾಗಿದ್ದು, ಮಂಜೇಶ್ವರ, ಕುಂಬಳೆ, ಕಾಸರಗೋಡು ಸುತ್ತ ಮನೆ ಇದ್ದರೆ ಬೇರೆ ಯೋಚನೆ ಬೇಡ, ಕೊಣಾಜೆ. ರೆಗ್ಯುಲರ್ ಜೊತೆಗೆ ದೂರಶಿಕ್ಷಣದ ಇನ್ನೊಂದು ಕೋರ್ಸು ಮಾಡಲು 2022ರಿಂದ ಯುಜಿಸಿ ಅನುಮತಿ ಇದೆ, ಆದರೆ ನನ್ನನ್ನು ಕೇಳಿದರೆ ಒಂದೇ ಸಾಕು. ಇನ್ನೂ ಅನುಮಾನ ಇದ್ದರೆ ಇಗ್ನೋದ ಪಾಠಗಳು ಇ-ಜ್ಞಾನಕೋಶದಲ್ಲಿ ಪುಕ್ಕಟೆ ಸಿಗುತ್ತವೆ. ಇತಿಹಾಸ ಬರವಣಿಗೆಯ ಪೇಪರಿನ ಮೊದಲ ಭಾಗ ಇಳಿಸಿಕೊಂಡು ಒಂದು ವಾರ ಓದಿ. ಆಕಳಿಕೆ ಬಂದರೆ ಮೂರರಲ್ಲಿ ಯಾವುದಕ್ಕೂ ಹಣ ಕಟ್ಟಬೇಡಿ.