'ಸೇಫ್ ಟೇಬಲ್' ಅಂತ ಪೋಸ್ಟರ್ ನೋಡಿ ದುಡ್ಡು ಕಟ್ಟಬೇಡಿ

ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದು ಪಾತ್ರವಾಗಿ ಕಥೆ ಕಟ್ಟುವ ಆಟ) ಕ್ಯಾಂಪೇನ್, ಅಂದರೆ ಹಲವು ಸಲ ಕೂತು ಆಡುವ ಒಂದು ಉದ್ದ ಕಥೆ, ಸೇರಬೇಕು ಅಂದುಕೊಂಡವರು, ಅದರಲ್ಲೂ ಹೊಸಬರು, ದಯವಿಟ್ಟು ಇದನ್ನು ಓದಿ. ನನಗೆ ಇನ್ನೂ ಮೈ ಉರಿಯುತ್ತಿದೆ.

'ಎಲ್ಲರಿಗೂ ಸ್ವಾಗತ, ಸೇಫ್ಟಿ ಟೂಲ್ಸ್ ಬಳಸುತ್ತೇವೆ' ಅಂತ ಪೋಸ್ಟರ್‌ನಲ್ಲಿತ್ತು. ಸೇಫ್ಟಿ ಟೂಲ್ಸ್ ಅಂದರೆ ಆಡುವವರಿಗೆ ನೋವಾಗದಂತೆ ನೋಡಿಕೊಳ್ಳುವ ಕ್ರಮಗಳು. ಸೆಷನ್ ಝೀರೋಗೆ (ಆಟ ಶುರುವಾಗುವ ಮೊದಲು ಎಲ್ಲರೂ ಕೂತು ಮಾತಾಡಿಕೊಳ್ಳುವುದಕ್ಕೆ) ಮುಂಚೆ ಲೈನ್ಸ್ ಅಂಡ್ ವೇಲ್ಸ್ ಫಾರ್ಮ್ ಕಳಿಸಿದರು. ಕಥೆಯಲ್ಲಿ ಏನು ಬರಲೇಬಾರದು, ಯಾವುದು ಬಂದರೂ ತೆರೆಮರೆಯಲ್ಲೇ ಮುಗಿಯಬೇಕು ಅಂತ ಬರೆಯುವ ಫಾರ್ಮ್ ಅದು. ಬರಲೇಬಾರದ್ದು ಅಂತ ನಾನು ಬರೆದದ್ದು ಒಂದೇ: ಜಾತಿ ಹೆಸರಲ್ಲಿ ಅವಮಾನ. ಇಡೀ ಕ್ಯಾಂಪೇನಿನ ದುಡ್ಡು ಮೊದಲೇ ಕಟ್ಟಿಸಿಕೊಂಡರು.

ನನ್ನ ಪಾತ್ರ ಓರ್ಕ್, ಫ್ಯಾಂಟಸಿ ಕಥೆಗಳಲ್ಲಿ ಬರುವ ಒಂದು ಕಾಲ್ಪನಿಕ ಜನಾಂಗ. ಡಿಎಂ (ಡಂಜನ್ ಮಾಸ್ಟರ್, ಕಥೆ ನಡೆಸುವವರು) ತಾವೇ ಕಟ್ಟಿದ ಲೋಕದ ಒಂದು ಹಳ್ಳಿಗೆ ನಮ್ಮ ಗುಂಪು ಹೋಯಿತು. ಬಾವಿ ಹತ್ತಿರ ನಮ್ಮ ಗುಂಪಿನ ಇನ್ನೊಂದು ಪಾತ್ರವಾದ ಎಲ್ಫ್‌ಗೆ ಹಿತ್ತಾಳೆ ಚೊಂಬಿನಲ್ಲಿ ನೀರು ಕೊಟ್ಟರು. ನನಗೆ? 'ನೀನು ಅಲ್ಲೇ ದೂರ ನಿಲ್ಲು. ಕರಟ ಹಿಡಿ, ಮೇಲಿಂದ ಹೊಯ್ತಾರೆ.' ಡಿಎಂ ಇದನ್ನು ಹೇಳಿದ್ದು ಊರ ಯಜಮಾನನ ದನಿಯಲ್ಲಿ, ಕೈ ಸನ್ನೆ ಸಮೇತ. ಮೇಜಿನ ಸುತ್ತ ಇದ್ದವರು ನಕ್ಕರು. ನಮ್ಮಜ್ಜಿ ಹೋಟೆಲಿನ ಹೊರಗೆ ನಿಂತು ಕರಟದಲ್ಲೇ ಟೀ ಕುಡಿದವಳು.

ಎಕ್ಸ್ ಕಾರ್ಡ್ ಮುಟ್ಟಿದೆ. ಲ್ಯಾಮಿನೇಟ್ ಮಾಡಿಸಿ ಮೇಜಿನ ಮಧ್ಯೆ ಇಟ್ಟಿದ್ದರು. 2013ರಲ್ಲಿ ಜಾನ್ ಸ್ಟಾವ್ರೊಪೌಲೋಸ್ ಅನ್ನುವ ಗೇಮ್ ಡಿಸೈನರ್ ಆ ಕಾರ್ಡ್ ಮಾಡಿದ್ದೇ ಇಂಥದ್ದಕ್ಕೆ. ಮುಟ್ಟಿದರೆ ಆ ಭಾಗ ತೆಗೆಯಬೇಕು, ಮುಟ್ಟಿದವರು ಕಾರಣ ಹೇಳಬೇಕಿಲ್ಲ. ಇವರು ಕೇಳಿದ್ದೇ 'ಯಾಕೆ?' ಆಮೇಲೆ, 'ಹೇಳಿ, ಎಲ್ಲರಿಗೂ ಗೊತ್ತಾಗಲಿ.' ಅಷ್ಟು ಜನರ ಮುಂದೆ ನಾನು ನನ್ನ ಜಾತಿ ಹೇಳಬೇಕಿತ್ತಾ? ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಫಾರ್ಮ್‌ನಲ್ಲಿ ಬರೆದಿದ್ದೀನಲ್ಲ ಅಂದೆ.

'ಓ, ಅದಾ? ಸುಮ್ನೆ ಫಾರ್ಮಾಲಿಟಿ, ಎಲ್ಲರಿಗೂ ಕಳಿಸ್ತೀವಿ.'

ಓದೇ ಇಲ್ಲ! ಓದೇ ಇಲ್ಲ ರೀ. ಆ ಫಾರ್ಮ್, ಆ ಕಾರ್ಡ್ ಎಲ್ಲ ನಮ್ಮಂಥವರನ್ನು ನಂಬಿಸಿ ದುಡ್ಡು ಕೀಳೋಕೆ.

ದುಡ್ಡು ವಾಪಸ್ ಕೇಳಿದರೆ ವಾಟ್ಸಾಪ್‌ನಲ್ಲಿ ಬಂದ ಉತ್ತರ: 'ಇದು ಡಾರ್ಕ್ ಫ್ಯಾಂಟಸಿ, ರಿಯಲಿಸ್ಟಿಕ್ ಆಗಿರುತ್ತೆ. ಓರ್ಕ್ ಬೇಕು ಅಂದಿದ್ದು ನೀವೇ ಅಲ್ವಾ?' ಓರ್ಕ್‌ಗಳನ್ನು ರಾಕ್ಷಸರು, ಕೆಟ್ಟವರು ಅಂತ ಚಿತ್ರಿಸಿದ್ದು ನಿಜವಾದ ಜನಾಂಗಗಳನ್ನು ಹೀಯಾಳಿಸುವ ರೀತಿಯನ್ನೇ ನೆನಪಿಸುತ್ತೆ, ಅದನ್ನು ಬದಲಿಸುತ್ತೇವೆ ಅಂತ ವಿಝಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯೇ 2020ರಲ್ಲಿ ಹೇಳಿದೆ. ಡಿ ಅಂಡ್ ಡಿ ಪ್ರಕಟಿಸುವವರೇ ಅವರು! ಅದನ್ನೂ ನಾನು ಕಳಿಸಿದೆ. 'ಆಟಾನ ಆಟದ ಥರ ನೋಡಿ. ಅಡ್ವಾನ್ಸ್ ರಿಫಂಡ್ ಇಲ್ಲ.' ಅಷ್ಟೇ. ಗ್ರೂಪಿನಿಂದಲೂ ತೆಗೆದರು.

ಆಟದಲ್ಲಿ ಜಾತಿ ವಿಷಯ ತರಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಕೂತವರೆಲ್ಲ ಮೊದಲೇ ಮಾತಾಡಿಕೊಂಡು, ಆ ಬಾವಿಗಾಗಿ ಜಗಳಕ್ಕೆ ನಿಲ್ಲುವ ಕಥೆ ಮಾಡಿದರೆ ನಾನೇ ಮುಂದೆ ನಿಂತು ಆಡುತ್ತೇನೆ. ಇವರಿಗೆ ಬೇಕಿದ್ದದ್ದು ನಗು.

ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. 'ನನ್ನ ಫಾರ್ಮ್‌ನಲ್ಲಿ ಏನು ಬರೆದಿದ್ದೀನಿ?' ಅಂತ ಸೆಷನ್ ಝೀರೋದಲ್ಲೇ ಡಿಎಂ ಅನ್ನು ಕೇಳಿ. ತಡವರಿಸಿದರೆ ಎದ್ದು ಬನ್ನಿ. ಯಾವ ಟೇಬಲ್ ಅಂತ ಇಲ್ಲಿ ಬರೆಯುವುದಿಲ್ಲ. ಸೇರುವ ಮುಂಚೆ ಅನುಮಾನ ಇದ್ದರೆ ನನಗೆ ಮೆಸೇಜ್ ಮಾಡಿ, ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಂಡಿದ್ದೇನೆ.