ರೆಡಿಮೇಡ್ ಚಾಳೀಸು: ಸಿಲಿಂಡರ್ ಪವರ್ ಇರುವ ಹಿರಿಯರಿಗೆ ಬೇಡ

ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಮುತ್ತ, ಸಬರ್ಬ್ ಬಸ್ ನಿಲ್ದಾಣದ ಕಡೆ ಫುಟ್‌ಪಾತಿನಲ್ಲಿ ನೂರಿನ್ನೂರಕ್ಕೆ ಸಿಗುವ ಕನ್ನಡಕಗಳಿವು. ಪ್ಲಸ್ 1ರಿಂದ 3ರವರೆಗೆ ಪವರ್ ಇರುತ್ತದೆ, ಎರಡೂ ಗಾಜಿಗೆ ಒಂದೇ. ಹತ್ತಿರದ್ದು ಮಾತ್ರ ಮಸುಕು, ಎರಡು ಕಣ್ಣೂ ಸಮ ಅನ್ನುವವರಿಗೆ ಹೆಸರಿಡುವಂತಿಲ್ಲ. ಅಡುಗೆಮನೆಯಲ್ಲೊಂದು, ದೇವರ ಮನೆಯಲ್ಲೊಂದು ಇಟ್ಟುಕೊಳ್ಳಬಹುದು.

ತೊಡಕಿರುವುದು ಅಸ್ಟಿಗ್ಮ್ಯಾಟಿಸಮ್ ಇದ್ದವರಿಗೆ. ಅವರ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಒಂದು ದಿಕ್ಕಿಗೆ ಹೆಚ್ಚು ಬಾಗಿರುತ್ತದೆ. ವಯಸ್ಸಾದಂತೆ ಆ ಬಾಗು ಸಾಮಾನ್ಯವಾಗಿ ಲಂಬದಿಂದ ಅಡ್ಡಕ್ಕೆ ಹೊರಳುತ್ತದೆ, ಹಾಗಾಗಿ ಹಳೇ ಚೀಟಿ ನಂಬುವಂತಿಲ್ಲ. ಈ ಬಾಗನ್ನು ಸರಿದೂಗಿಸಲು ಗಾಜಿಗೆ ಒಂದೇ ದಿಕ್ಕಿನಲ್ಲಿ ಕೊಡುವ ಪವರೇ ಸಿಲಿಂಡರ್ ಪವರ್. ರೆಡಿಮೇಡ್ ಗಾಜಿನಲ್ಲಿ ಅದು ಇರುವುದೇ ಇಲ್ಲ. ಅಕ್ಷರ ದೊಡ್ಡದಾಗುತ್ತದೆ, ಅಂಚಿನ ನೆರಳು ಹಾಗೇ ಉಳಿಯುತ್ತದೆ. ‘ಧ’ದ ಸೀಳು ಕರಗಿ ‘ದ’ ಆಗುತ್ತದೆ. ಮಾತ್ರೆ ಪಟ್ಟಿಯಲ್ಲಿ 3 ಯಾವುದು, 8 ಯಾವುದು ತಿಳಿಯದು. ರಾತ್ರಿ ಎದುರು ಗಾಡಿಯ ಲೈಟು ಗೆರೆಗೆರೆಯಾಗಿ ಚೆಲ್ಲುತ್ತದೆ, ಮೆಟ್ಟಿಲಂಚು ಸ್ಪಷ್ಟವಿಲ್ಲದೆ ಕಾಲು ತಪ್ಪುತ್ತದೆ. ಮನೆಯವರು ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತಾರೆ. ಸರಿಯಾದ ಗಾಜಿನಿಂದ ತಿಳಿಯಾಗುವ ಕಣ್ಣು ವರ್ಷಗಟ್ಟಲೆ ಮಬ್ಬಿನಲ್ಲಿ ಉಳಿಯುವುದು ನಿಜಕ್ಕೂ ಅನ್ಯಾಯ.

ಮಬ್ಬು ಕನ್ನಡಕದಿಂದ ಹೋಗುವಂಥದ್ದೇ ಎಂದು ಮನೆಯಲ್ಲೇ ನೋಡಬಹುದು. ಕಾರ್ಡಿಗೆ ಗುಂಡುಸೂಜಿಯಿಂದ ಸುಮಾರು 1 ಮಿ.ಮೀ. ತೂತು ಮಾಡಿ, ಅದರೊಳಗಿಂದ ಒಂದೊಂದೇ ಕಣ್ಣಿನಿಂದ ದೂರದ ಬೋರ್ಡು ನೋಡಿಸಿ. ತಿಳಿಯಾಗಿ ಕಂಡರೆ ಬಹುಪಾಲು ಕನ್ನಡಕದಿಂದ ಸರಿಹೋಗುವ ದೋಷ. ಕಾಣದಿದ್ದರೆ ಪೊರೆ, ರೆಟಿನಾ ತೋರಿಸಬೇಕು, ಕೆ.ಆರ್. ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ.

ಅಳತೆ ಕೊಟ್ಟು ಮಾಡಿಸಿದ ಕನ್ನಡಕದಲ್ಲೂ ಆಕ್ಸಿಸ್ ಕಡೆ, ಅಂದರೆ ಸಿಲಿಂಡರ್ ಯಾವ ಕೋನದಲ್ಲಿ ಕೂತಿದೆ ಎನ್ನುವುದರ ಕಡೆ ಗಮನವಿರಲಿ. ಅದು 10 ಡಿಗ್ರಿ ತಪ್ಪಿದರೆ ಸಿಲಿಂಡರಿನ ಪ್ರಯೋಜನದಲ್ಲಿ ಮೂರನೇ ಒಂದು ಪಾಲು ಹೋಯಿತು. 30 ಡಿಗ್ರಿಯಾದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಫ್ರೇಮ್ ಸೊಟ್ಟಗಾದರೂ, ದುಂಡು ಫ್ರೇಮಿನಲ್ಲಿ ಗಾಜು ತಿರುಗಿದರೂ ಇದೇ ಪಾಡು. ಸಿಲಿಂಡರ್ ಹಾಕಿದ್ದಾರೋ ಇಲ್ಲವೋ ಅಂಗಡಿಯಲ್ಲೇ ನೋಡಿ: ಕನ್ನಡಕವನ್ನು ಮೊಳ ದೂರ ಹಿಡಿದು, ಗಾಜಿನೊಳಗಿಂದ ಬಾಗಿಲ ಚೌಕಟ್ಟಿನ ನೇರ ಅಂಚು ನೋಡುತ್ತಾ ಸ್ಟೀರಿಂಗಿನ ಥರ ತಿರುಗಿಸಿ. ಒಳಗಿನ ಗೆರೆ ಓರೆಯಾದರೆ ಸಿಲಿಂಡರ್ ಇದೆ. 0.50ರಂಥ ಸಣ್ಣ ಪವರಿನಲ್ಲಿ ಇದು ಸುಲಭಕ್ಕೆ ಕಾಣದು.

ಹೊಸದರಲ್ಲಿ ನೆಲ ಇಳಿಜಾರಾದಂತೆ ಕಾಣುವುದುಂಟು. ಹಿರಿಯರು ಮೊದಲು ಮನೆಯೊಳಗೇ ಕೂತು ರೂಢಿಸಿಕೊಳ್ಳಲಿ, ಮೆಟ್ಟಿಲು ಆಮೇಲೆ. ಎರಡು ವಾರವಾದರೂ ಹಾಗೇ ಇದ್ದರೆ ಅಳತೆ ಮತ್ತೆ ನೋಡಿಸಿ. ಪೊರೆ ಆಪರೇಷನ್ ನಿಗದಿಯಾಗಿದ್ದರೆ ಈಗ ದುಬಾರಿ ಗಾಜು ಮಾಡಿಸಬೇಡಿ. ಕಣ್ಣೊಳಗೆ ಕೂರಿಸುವ, ಸಿಲಿಂಡರ್ ಪವರ್ ಇರುವ ಟೋರಿಕ್ ಲೆನ್ಸ್ ಬಗ್ಗೆ ಆಪರೇಷನ್ನಿಗೆ ಮೊದಲೇ ವೈದ್ಯರನ್ನು ಕೇಳಿ. ಸಾಧಾರಣ ಲೆನ್ಸು ಕಾರ್ನಿಯಾದ ಈ ಬಾಗನ್ನು ಸರಿಮಾಡುವುದಿಲ್ಲ.