ಮಕ್ಕಳ ನಿಸರ್ಗ ಚಿತ್ರಕ್ಕೆ ಚಾಕ್ ಪ್ಯಾಸ್ಟೆಲ್: ದೇವರಾಯನದುರ್ಗದಲ್ಲಿ ಬಳಸಿ ಕಂಡದ್ದು

ತುಮಕೂರಿನ ಸ್ಟೇಷನರಿ ಅಂಗಡಿಗಳಲ್ಲಿ ಪ್ಯಾಸ್ಟೆಲ್ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ಆಯಿಲ್ ಪ್ಯಾಸ್ಟೆಲ್. ಈ ವಿಮರ್ಶೆ ಅದರದ್ದಲ್ಲ; ಬಣ್ಣದ ಪುಡಿಗೆ ಸೀಮೆಸುಣ್ಣದಂಥ ಪುಡಿಯನ್ನೂ ತುಸು ಅಂಟನ್ನೂ ಬೆರೆಸಿ ತಯಾರಿಸಿದ, ಎಣ್ಣೆಯಾಗಲಿ ಮೇಣವಾಗಲಿ ಇಲ್ಲದ ಚಾಕ್ ಪ್ಯಾಸ್ಟೆಲ್‌ನದ್ದು. ಸಾಫ್ಟ್ ಪ್ಯಾಸ್ಟೆಲ್ ಎಂಬ ಹೆಸರಿನಲ್ಲೂ ಇದು ಸಿಗುತ್ತದೆ. ನಮ್ಮ ಬಡಾವಣೆಯ ಮಕ್ಕಳನ್ನು ದೇವರಾಯನದುರ್ಗಕ್ಕೂ ಅದರ ತಪ್ಪಲಿನ ನಾಮದ ಚಿಲುಮೆಗೂ ಕರೆದೊಯ್ದು ಚಿತ್ರ ಬರೆಸುವಾಗ ನಾನು ಬಳಸುತ್ತಿರುವುದು 24 ಅರ್ಧ ಕಡ್ಡಿಗಳಿರುವ ಡಬ್ಬಿಯನ್ನು.

ಪೆನ್ಸಿಲ್ ಕೊಟ್ಟರೆ ಮಕ್ಕಳು ಮೊದಲು ಅಂಚಿನ ಗೆರೆ ಎಳೆದು ಆಮೇಲೆ ಅದರೊಳಗೆ ಬಣ್ಣ ತುಂಬುತ್ತಾರೆ, ಹೀಗಾಗಿ ಬೆಟ್ಟದ ಬಂಡೆಗಳೆಲ್ಲ ಒಂದೇ ಆಕಾರದ ಬೂದು ಉಂಡೆಗಳಾಗಿಬಿಡುತ್ತವೆ. ಚಾಕ್ ಪ್ಯಾಸ್ಟೆಲ್‌ನ ಕಡ್ಡಿಯನ್ನು ಅಡ್ಡ ಮಲಗಿಸಿ ಎಳೆದಾಗ ಗೆರೆಗೆ ಬದಲು ಬಣ್ಣದ ಅಗಲವಾದ ಪಟ್ಟಿಯೇ ಮೂಡುವುದರಿಂದ, ಬಿಸಿಲು ಬಿದ್ದ ಮೈ ಯಾವುದು, ನೆರಳಿನ ಮೈ ಯಾವುದು ಎಂದು ಮಗು ಮೊದಲು ನೋಡಲೇಬೇಕಾಗುತ್ತದೆ. ಬಂಡೆಗೆ ಬೂದು ಕಡ್ಡಿ ಹುಡುಕುತ್ತಿದ್ದ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಬಿಸಿಲಿನ ಕಡೆಗೆ ಕಾವಿಯನ್ನೂ ನೆರಳಿಗೆ ನೇರಳೆಯನ್ನೂ ಆರಿಸಿಕೊಂಡಳು. ಮಳೆನೀರು ಹರಿದು ಕಪ್ಪಾದ ಪಟ್ಟೆಗಳನ್ನು ಮಾತ್ರ ಕಡ್ಡಿಯ ಅಂಚಿನಿಂದ ಎಳೆದಳು. ಈ ಬಗೆಯ ನೋಟವನ್ನು ಕಲಿಸುತ್ತದೆ ಎಂಬ ಕಾರಣಕ್ಕೇ ನನಗೆ ಈ ಮಾಧ್ಯಮದ ಮೇಲೆ ಇಷ್ಟೊಂದು ಪ್ರೀತಿ.

ಗಾಢ ಬಣ್ಣದ ಮೇಲೆ ತಿಳಿ ಬಣ್ಣ ನಿಲ್ಲುವುದು ಇನ್ನೊಂದು ಅನುಕೂಲ. ಎಲೆ ಉದುರಿಸಿ ನಿಂತ ಮುತ್ತುಗ ಹೂಬಿಡುವ ಕಾಲದಲ್ಲಿ ಕಂದು ರೆಂಬೆಗಳನ್ನು ಮೊದಲು ಬರೆದು, ಅವುಗಳ ಮೇಲೆಯೇ ಕಿತ್ತಳೆ ಕಡ್ಡಿಯನ್ನು ಒತ್ತಿ ಹೂಗಳನ್ನು ಇಡಬಹುದು. ಜಲವರ್ಣದಲ್ಲಿ ಇದು ಮಕ್ಕಳಿಗೆ ಸಾಧ್ಯವಾಗುವಂಥದ್ದಲ್ಲ.

ಡಬ್ಬಿಯಲ್ಲಿರುವ ಹಸಿರುಗಳ ಬಗ್ಗೆ ನನ್ನ ಆಕ್ಷೇಪವಿದೆ. ಅವು ಕಣ್ಣಿಗೆ ಹೊಡೆಯುವಷ್ಟು ಗಾಢವಾಗಿದ್ದು, ನಮ್ಮ ಕುರುಚಲು ಕಾಡಿನಲ್ಲಿ ಅಂಥ ಹಸಿರನ್ನು ಕಾಣುವುದು ಅಪರೂಪ. ಹೊಂಗೆಯ ಚಿಗುರಿಗೆ ಹಸಿರಿನ ಮೇಲೆ ಹಳದಿಯನ್ನೂ ಬೇಸಿಗೆಯ ಹುಲ್ಲಿಗೆ ಕಾವಿಯನ್ನೂ ಎಳೆಸಿದರೆ ಬಣ್ಣ ಹದಕ್ಕೆ ಬರುತ್ತದೆ. ಕಡ್ಡಿಗಳು ಮುರಿಯುತ್ತವೆ, ಆದರೆ ಮುರಿದ ತುಂಡೇ ಚಿಕ್ಕ ಕೈಗೆ ಹೆಚ್ಚು ಅನುಕೂಲವಾದ್ದರಿಂದ ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ.

ಡಬ್ಬಿಗಿಂತಲೂ ಕಾಗದದ ಆಯ್ಕೆ ಮುಖ್ಯ. ನುಣುಪಾದ ಡ್ರಾಯಿಂಗ್ ಹಾಳೆಯ ಮೇಲೆ ಪುಡಿ ನಿಲ್ಲದೆ ಜಾರುತ್ತದೆ. ತರಿತರಿಯಾದ ಕಾಗದವೇ ಬೇಕು. ತಿಳಿ ಕಂದು ಅಥವಾ ಬೂದು ಬಣ್ಣದ ಹ್ಯಾಂಡ್‌ಮೇಡ್ ಕಾಗದವಾದರೆ ನಮ್ಮ ಮಣ್ಣಿನ ಬಣ್ಣ ಮೊದಲೇ ಸಿಕ್ಕಂತಾಗಿ, ಬಿಳಿ ಕಡ್ಡಿಗೂ ಕೆಲಸ ದೊರೆಯುತ್ತದೆ.

ದೂಳಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಉದುರಿದ ಪುಡಿಯನ್ನು ಬಾಯಿಂದ ಊದಲು ಬಿಡದೆ, ಹಾಳೆಯನ್ನು ನೆಟ್ಟಗೆ ಹಿಡಿದು ಹಿಂಬದಿಯಿಂದ ತಟ್ಟಿಸಬೇಕು. ಆಸ್ತಮಾ ಇರುವ ಮಕ್ಕಳಿಗೂ ಬೆರಳು ಬಾಯಿಗೆ ಹಾಕುವ ವಯಸ್ಸಿನವರಿಗೂ ಆಯಿಲ್ ಪ್ಯಾಸ್ಟೆಲ್ಲೇ ಮೇಲು. ಕಲಾವಿದರಿಗಾಗಿ ತಯಾರಾಗುವ ದುಬಾರಿ ಕಡ್ಡಿಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹಗಳ ಬಣ್ಣಗಳು ಇರಬಹುದಾದ್ದರಿಂದ, ಮಕ್ಕಳ ಬಳಕೆಗೆಂದೇ ನಮೂದಿಸಿದ, ವಿಷರಹಿತ ಎಂದು ಬರೆದ ಡಬ್ಬಿಯನ್ನೇ ಕೊಳ್ಳಬೇಕು.

ಚಿತ್ರ ಮುಗಿದ ಮೇಲೂ ಬಣ್ಣ ಕೈಗೆ ಅಂಟುತ್ತಲೇ ಇರುತ್ತದೆ. ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ಫಿಕ್ಸೇಟಿವ್ ಸ್ಪ್ರೇ ಹೊಡೆದರೆ ಬಣ್ಣಗಳು ಸ್ವಲ್ಪ ಮಂಕಾಗುವುದಲ್ಲದೆ ಅದನ್ನು ದೊಡ್ಡವರೇ ಬಯಲಿನಲ್ಲಿ ನಿಂತು ಹೊಡೆಯಬೇಕಾಗುತ್ತದೆ, ಆದ್ದರಿಂದ ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು ಜೋಡಿಸುವುದೇ ನನಗೆ ಸರಿಕಂಡಿದೆ. ಒಂದಕ್ಕೊಂದು ತಾಗಿ ಕೊಳೆಯಾದ ಕಡ್ಡಿಗಳನ್ನು ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿಯೊಂದಿಗೆ ಮೆಲ್ಲಗೆ ಅಲುಗಿಸಿದರೆ ಅವುಗಳ ಮೂಲ ಬಣ್ಣ ಮರಳುತ್ತದೆ. ಆ ಅಕ್ಕಿಯನ್ನು ಮತ್ತೆ ಅಡುಗೆಗೆ ಬಳಸಬಾರದು.